ಲಿವರ್ ಕಸಿ ಆದ್ಮೇಲೆ ಆ ಒಂದು ನಂಬರ್: ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಈ ಸಲ ಪತ್ರ ಬರೆದಿರೋರಲ್ಲಿ ತುಂಬಾ ಜನ ಲಿವರ್ ಕ್ಯಾನ್ಸರ್‌ಗೆ ಟ್ರಾನ್ಸ್‌ಪ್ಲಾಂಟ್ ಮಾಡಿಸ್ಕೊಂಡವ್ರು, ಇಲ್ಲಾಂದ್ರೆ ಅದಕ್ಕೆ ಕಾಯ್ತಾ ಇರೋರ ಮನೆಯವ್ರು, ಎಲ್ಲರ ಕೈಯಲ್ಲೂ ಒಂದು ಬ್ಲಡ್ ರಿಪೋರ್ಟು, ಎಲ್ಲರ ಕಣ್ಣೂ ಅದರಲ್ಲಿರೋ ಒಂದು ನಂಬರ್ ಮೇಲೆ, ಹೆಚ್ಚಾಗಿ ಎಎಫ್‌ಪಿ ಮೇಲೆ, ಅಂದ್ರೆ ಈ ಗಡ್ಡೆ ರಕ್ತಕ್ಕೆ ಬಿಡೋ ಒಂದು ಪ್ರೋಟೀನಿನ ಅಳತೆ. ಅದಕ್ಕೇ ಈ ಸಂಚಿಕೆಯ ಜಾಗ ಪೂರ್ತಿ ಇದಕ್ಕೇ ಇಟ್ಟಿದ್ದೀನಿ. ಇಲ್ಲಿ ಹೇಳ್ತಿರೋದು ಲಿವರ್‌ನಲ್ಲೇ ಹುಟ್ಟೋ ಹೆಪಟೋಸೆಲ್ಯುಲಾರ್ ಕಾರ್ಸಿನೋಮ ಅನ್ನೋ ಕ್ಯಾನ್ಸರ್ ಬಗ್ಗೆ ಮಾತ್ರ, ಬೇರೆ ಅಂಗದಲ್ಲಿ ಹುಟ್ಟಿ ಲಿವರ್‌ಗೆ ಹಬ್ಬಿದ್ದಕ್ಕೆ ಈ ಲೆಕ್ಕ ಯಾವುದೂ ಅನ್ವಯಿಸಲ್ಲ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪಾಜಿಗೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗೋ ಕಾಯಿಲೆ) ಇತ್ತು, ಈಗ ಲಿವರ್‌ನಲ್ಲಿ ಎರಡು ಗಡ್ಡೆ, ಒಂದು 2.5 ಸೆಂಟಿಮೀಟರ್, ಇನ್ನೊಂದು 2. ಸೈಜ್ ಲಿಮಿಟ್ ಒಳಗೇ ಇದೆ, ಟ್ರಾನ್ಸ್‌ಪ್ಲಾಂಟ್ ಆಗತ್ತೆ ಅಂತ ನಾವೆಲ್ಲ ಉಸಿರು ಬಿಟ್ಟಿದ್ವಿ. ಆಮೇಲೆ ಎಎಫ್‌ಪಿ 1240 ಬಂತು. ಈಗ ಲಿಸ್ಟ್‌ಗೆ ಹಾಕಲ್ಲ, ಮೊದಲು ಗಡ್ಡೆಗೆ ಟ್ರೀಟ್‌ಮೆಂಟ್ ಕೊಟ್ಟು ಅದು 500ಕ್ಕಿಂತ ಕೆಳಗೆ ಬರಲಿ ಅಂತಿದ್ದಾರೆ. ಇನ್ನೂ ಚಿಕ್ಕದಿರುವಾಗಲೇ ಲಿವರ್ ತೆಗೆದು ಬೇರೆ ಹಾಕೋದು ಬಿಟ್ಟು ಯಾಕೆ ಕಾಯಿಸ್ತಿದ್ದಾರೆ? ರಕ್ತದ ಒಂದು ಟೆಸ್ಟ್‌ನಿಂದ ಅಪ್ಪನ ಅವಕಾಶ ತಪ್ಪೋದು ನ್ಯಾಯನಾ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥ ಆಗತ್ತಮ್ಮ, ಲಿಮಿಟ್ ಒಳಗಿದೆ ಅಂತ ಹೇಳಿ ಆಮೇಲೆ ಬಾಗಿಲು ಹಾಕಿದ್ರೆ ಯಾರಿಗಾದ್ರೂ ಹೊಟ್ಟೆ ಉರಿಯತ್ತೆ. ಆದ್ರೆ ಇಲ್ಲಿ ಅವರು ಮಾಡ್ತಿರೋದು ಸರಿಯಾದ ಕೆಲಸ ಅಂತ ನನಗನ್ನಿಸತ್ತೆ, ಯಾಕೆ ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಲಿವರ್ ಕಸಿ ಶುರುವಾಗಿದ್ದು 1963ರಲ್ಲಿ, ಥಾಮಸ್ ಸ್ಟಾರ್ಜಲ್ ಅವರಿಂದ. ಅದಾದ ಮೇಲೆ ಬಹಳ ವರ್ಷ ದೊಡ್ಡ ದೊಡ್ಡ ಗಡ್ಡೆ ಇರೋರಿಗೂ ಕಸಿ ಮಾಡ್ತಿದ್ರು, ಆಪರೇಶನ್ ಚೆನ್ನಾಗಾಗೋದು, ಆದ್ರೆ ಕೆಲವೇ ತಿಂಗಳಲ್ಲಿ ಹೊಸ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಮೂಳೆಯಲ್ಲೋ ಕ್ಯಾನ್ಸರ್ ವಾಪಸ್ ಬರೋದು. 1996ರಲ್ಲಿ ಇಟಲಿಯ ಮಿಲಾನ್‌ನಿಂದ ಮಜ್ಜಾಫೆರೋ ಮತ್ತವರ ತಂಡ 48 ಜನರ ಲೆಕ್ಕ ಕೊಟ್ಟಿತು: ಒಂದೇ ಗಡ್ಡೆ ಇದ್ರೆ 5 ಸೆಂಟಿಮೀಟರ್ ಒಳಗೆ, ಹೆಚ್ಚಿದ್ರೆ ಮೂರರ ತನಕ, ಒಂದೊಂದೂ 3 ಸೆಂಟಿಮೀಟರ್ ಒಳಗೆ, ರಕ್ತನಾಳಕ್ಕೆ ಹೊಕ್ಕಿರಬಾರದು, ಲಿವರ್ ಆಚೆ ಹೋಗಿರಬಾರದು. ಹೀಗೆ ಆರಿಸಿದವರಲ್ಲಿ ನಾಲ್ಕು ವರ್ಷಕ್ಕೆ ಶೇಕಡ 75 ಜನ ಬದುಕಿದ್ರು. ನಿಮಗೆ ಹೇಳಿದ 'ಲಿಮಿಟ್' ಇದೇ, ಮಿಲಾನ್ ಕ್ರೈಟೀರಿಯ.

ಆದ್ರೆ ಅದರಲ್ಲಿ ರಕ್ತದ ಮಾತೇ ಇಲ್ಲ, ಬರೀ ಸ್ಕ್ಯಾನ್. ಸ್ಕ್ಯಾನ್‌ನಲ್ಲಿ ಕಾಣೋದು ಗಡ್ಡೆಯ ಮೈ, ಅದರ ಬುದ್ಧಿ ಕಾಣಲ್ಲ. ಎರಡು ಸೆಂಟಿಮೀಟರ್ ಇದ್ದೂ ಆಗಲೇ ಸಣ್ಣ ಸಣ್ಣ ರಕ್ತನಾಳಗಳಿಗೆ ಕಾಲಿಟ್ಟಿರೋ ಗಡ್ಡೆ ಇರತ್ತೆ, ಆರು ಸೆಂಟಿಮೀಟರ್ ಆದ್ರೂ ತನ್ನ ಪಾಡಿಗೆ ಕೂತಿರೋದೂ ಇರತ್ತೆ. ಎಎಫ್‌ಪಿ ಅಂದ್ರೆ ಆಲ್ಫಾ ಫೀಟೋಪ್ರೋಟೀನ್, ಹೊಟ್ಟೆಯಲ್ಲಿರೋ ಮಗುವಿನ ಲಿವರ್ ತಯಾರಿಸೋ ಪ್ರೋಟೀನ್, ಹುಟ್ಟಿದ ಮೇಲೆ ಕಮ್ಮಿಯಾಗ್ತಾ ಬಂದು ಸುಮಾರು ಒಂದು ವರ್ಷದೊಳಗೆ ನಿಂತೇ ಹೋಯ್ತು ಅನ್ನೋಷ್ಟಾಗತ್ತೆ. ದೊಡ್ಡವರ ಲಿವರ್‌ನ ಜೀವಕೋಶ ಮತ್ತೆ ಅದನ್ನ ರಾಶಿಗಟ್ಟಲೆ ಮಾಡ್ತಿದೆ ಅಂದ್ರೆ, ಅದು ತಾನು ಲಿವರ್ ಅನ್ನೋದನ್ನೇ ಮರೆತು ಬರೀ ಬೆಳೆಯೋ ಕೆಲಸಕ್ಕೆ ಇಳಿದಿದೆ ಅಂತ. ಎಎಫ್‌ಪಿ ತುಂಬಾ ಜಾಸ್ತಿ ಇರೋ ಗಡ್ಡೆಗಳಲ್ಲಿ ಸೂಕ್ಷ್ಮ ರಕ್ತನಾಳದೊಳಗೆ ಕ್ಯಾನ್ಸರ್ ಸಿಗೋ ಸಂಭವ ಹೆಚ್ಚು.

ಫ್ರಾನ್ಸ್‌ನವರು 2012ರಲ್ಲಿ ಇದನ್ನ ಲೆಕ್ಕಕ್ಕೆ ತಂದ್ರು. ಸೈಜ್‌ಗೆ ಇಷ್ಟು ಪಾಯಿಂಟ್, ಎಷ್ಟು ಗಡ್ಡೆ ಅನ್ನೋದಕ್ಕೆ ಇಷ್ಟು, ಎಎಫ್‌ಪಿಗೆ ಇಷ್ಟು, ಒಟ್ಟು 2 ದಾಟಿದ್ರೆ ಅಪಾಯ ಜಾಸ್ತಿ. ನಿಮ್ಮ ಅಪ್ಪಾಜಿ ಲೆಕ್ಕ ಹಾಕಿ ನೋಡೋಣ: ಗಡ್ಡೆ 3 ಸೆಂಟಿಮೀಟರ್ ಒಳಗೆ, ಸೊನ್ನೆ. ಮೂರಕ್ಕಿಂತ ಹೆಚ್ಚಿಲ್ಲ, ಅದಕ್ಕೂ ಸೊನ್ನೆ. ಎಎಫ್‌ಪಿ 1000 ದಾಟಿದೆ, ಅದೊಂದಕ್ಕೇ 3. ಅದೇ ಅಧ್ಯಯನದಲ್ಲಿ ಮಿಲಾನ್ ಲಿಮಿಟ್ ಒಳಗೇ ಇದ್ದೂ ಈ ರೀತಿ ಎಎಫ್‌ಪಿ 1000 ದಾಟಿದವರಲ್ಲಿ ಐದು ವರ್ಷದೊಳಗೆ ನೂರಕ್ಕೆ ಸುಮಾರು 37 ಜನರಿಗೆ ಕ್ಯಾನ್ಸರ್ ಮರಳಿತು, ಉಳಿದವರಲ್ಲಿ ನೂರಕ್ಕೆ ಸುಮಾರು 13. ಒಂದೇ ಸೈಜ್ ಲಿಮಿಟ್ ಒಳಗೆ ಇಷ್ಟು ಅಂತರ! ಇನ್ನೊಂದು ಕಡೆ, ಮಿಲಾನ್ ಲಿಮಿಟ್ ದಾಟಿದ್ರೂ ಎಎಫ್‌ಪಿ 100ರ ಒಳಗಿದ್ದು ಒಟ್ಟು 2 ಪಾಯಿಂಟ್ ಮೀರದೇ ಇದ್ದವರಲ್ಲಿ ನೂರಕ್ಕೆ ಸುಮಾರು 14 ಮಾತ್ರ. ಅಂದ್ರೆ ಈ ಟೆಸ್ಟ್ ಬರೀ ಬಾಗಿಲು ಹಾಕೋದಲ್ಲ, ಎಷ್ಟೋ ಜನಕ್ಕೆ ಬಾಗಿಲು ತೆಗೆದೂ ಇದೆ.

ಇನ್ನು 500 ಎಲ್ಲಿಂದ ಬಂತು ಅಂದ್ರೆ, ಅಮೆರಿಕದ ನಿಯಮದಲ್ಲೂ 1000 ದಾಟಿದವರಿಗೆ ಮೊದಲು ಟ್ರೀಟ್‌ಮೆಂಟ್ ಕೊಟ್ಟು 500ಕ್ಕಿಂತ ಕೆಳಗಿಳಿದ ಮೇಲೇ ಕ್ಯಾನ್ಸರ್ ಲೆಕ್ಕದಲ್ಲಿ ಸಿಗೋ ಆದ್ಯತೆ ಕೊಡ್ತಾರೆ, ಬೇರೆ ಕಡೆ ಎಷ್ಟೋ ತಂಡಗಳೂ ಹಾಗೇ ನಡ್ಕೊಳ್ತಾವೆ. ಗಡ್ಡೆಗೆ ಹೋಗೋ ರಕ್ತನಾಳದೊಳಗೇ ಔಷಧಿ ಬಿಡೋ ಟೇಸ್, ಅಥವಾ ಸೂಜಿ ಹಾಕಿ ಸುಡೋ ಅಬ್ಲೇಶನ್, ಇವು ಕೆಲಸ ಮಾಡಿ ಎಎಫ್‌ಪಿ ಧಡ್ ಅಂತ ಇಳಿದ್ರೆ ಆ ಗಡ್ಡೆ ಮಾತು ಕೇಳೋ ಗಡ್ಡೆ ಅಂತ ಗೊತ್ತಾಗತ್ತೆ, ಇಳಿದವರಲ್ಲಿ ಕಸಿ ಆದಮೇಲಿನ ಬದುಕು ಇಳಿಯದವರಿಗಿಂತ ನಿಜವಾಗ್ಲೂ ಚೆನ್ನಾಗಿದೆ. ಈ ಕಾಯೋ ತಿಂಗಳುಗಳೂ ಪರೀಕ್ಷೆಯ ಒಂದು ಭಾಗವೇ. ನೀವು ಕೇಳಬೇಕಾದ ಪ್ರಶ್ನೆ ಎರಡು: ಯಾವ ಟ್ರೀಟ್‌ಮೆಂಟ್, ಮತ್ತೆ ಎಷ್ಟು ವಾರಕ್ಕೆ ಎಎಫ್‌ಪಿ ಮತ್ತು ಸ್ಕ್ಯಾನ್ ಮತ್ತೆ ನೋಡ್ತೀರಿ ಅಂತ. ಜೊತೆಗೆ ಹೆಪಟೈಟಿಸ್ ಬಿ ಇದ್ರೆ ವೈರಸ್ ಹತೋಟಿಯಲ್ಲಿದೆಯಾ ಅಂತಲೂ ಕೇಳಿ, ಲಿವರ್ ಊತ ಜೋರಾಗಿದ್ದಾಗಲೂ ಎಎಫ್‌ಪಿ ಏರತ್ತೆ.

ಪ್ರಶ್ನೆ: ನಮ್ಮ ಮನೆಯವರಿಗೆ ಕಸಿ ಆಗಿ ನಾಲ್ಕು ತಿಂಗಳಾಯ್ತು. ಅವರ ಎಎಫ್‌ಪಿ ಮೊದಲಿಂದಲೂ ನಾರ್ಮಲ್, ಆಪರೇಶನ್ ಮುಂಚೆ 14 ಇತ್ತು. ತೆಗೆದ ಲಿವರ್‌ನ ರಿಪೋರ್ಟ್‌ನಲ್ಲಿ ಜೀವಂತ ಗಡ್ಡೆ ಒಂದು, 2.2 ಸೆಂಟಿಮೀಟರ್, 'ಮೈಕ್ರೋವ್ಯಾಸ್ಕುಲರ್ ಇನ್‌ವೇಶನ್ ಇದೆ' ಅಂತ ಬರೆದಿದ್ದಾರೆ. ಈಗ ಎಎಫ್‌ಪಿ 3. ಎಲ್ಲರೂ ಗೆದ್ರಿ ಬಿಡಿ ಅಂತಾರೆ, ನನಗೆ ಮಾತ್ರ ಆ ಸಾಲು ಕಣ್ಣಿಗೆ ಕಟ್ಟಿದ ಹಾಗಿದೆ ಮೇಡಂ.

ಉತ್ತರ: ಆ ಸಾಲಿನ ಅರ್ಥ ಸೂಕ್ಷ್ಮ ರಕ್ತನಾಳದೊಳಗೆ ಕ್ಯಾನ್ಸರ್ ಹೊಕ್ಕಿತ್ತು ಅಂತ. ಅದನ್ನ ನೀವು ಓದಿದ್ದು ಒಳ್ಳೇದೇ ಆಯ್ತು, ತುಂಬಾ ಮನೆಗಳಲ್ಲಿ ಆ ರಿಪೋರ್ಟ್ ಫೈಲ್‌ನಲ್ಲೇ ಕೂತಿರತ್ತೆ. ಕಸಿ ಆದಮೇಲೆ ಮುಂದೇನು ಅಂತ ಹೇಳೋಕೆ ರಿಟ್ರೀಟ್ ಅನ್ನೋ ಸ್ಕೋರ್ ಇದೆ, 2017ರಲ್ಲಿ ಬಂದಿದ್ದು, ಮೂರೇ ವಿಷಯ ಕೇಳತ್ತೆ: ಕಸಿ ಹೊತ್ತಿನಲ್ಲಿದ್ದ ಎಎಫ್‌ಪಿ, ಸೂಕ್ಷ್ಮ ರಕ್ತನಾಳದಲ್ಲಿ ಕ್ಯಾನ್ಸರ್ ಇತ್ತಾ, ಮತ್ತೆ ತೆಗೆದ ಲಿವರ್‌ನಲ್ಲಿದ್ದ ಅತಿ ದೊಡ್ಡ ಜೀವಂತ ಗಡ್ಡೆಯ ಸೈಜ್ ಜೊತೆಗೆ ಗಡ್ಡೆಗಳ ಸಂಖ್ಯೆ ಕೂಡಿದ್ರೆ ಎಷ್ಟು. ನಿಮ್ಮ ಮನೆಯವರದ್ದು: ಎಎಫ್‌ಪಿ 20ರ ಒಳಗೆ, ಸೊನ್ನೆ. ರಕ್ತನಾಳದಲ್ಲಿ ಇತ್ತು, 2. ಸೈಜ್ 2.2 ಜೊತೆ ಸಂಖ್ಯೆ 1 ಸೇರಿ 3.2, ಅದಕ್ಕೆ 1. ಒಟ್ಟು 3. ಸೊನ್ನೆ ಬಂದವರಲ್ಲಿ ಐದು ವರ್ಷಕ್ಕೆ ಕ್ಯಾನ್ಸರ್ ಮರಳೋದು ನೂರಕ್ಕೆ 3ಕ್ಕಿಂತ ಕಮ್ಮಿ, 5 ಅಥವಾ ಮೇಲೆ ಬಂದವರಲ್ಲಿ ಸುಮಾರು 75. ನೀವು ಮಧ್ಯದಲ್ಲಿದ್ದೀರಿ, ಭಯ ಬೀಳೋ ಕಡೆ ಅಲ್ಲ, ಹಾಗಂತ ಸ್ಕ್ಯಾನ್ ತಪ್ಪಿಸೋ ಕಡೆಯೂ ಅಲ್ಲ. ಈ ಸ್ಕೋರ್ ಮಾಡಿದವರು 1ರಿಂದ 3 ಬಂದವರಿಗೆ ಎರಡು ವರ್ಷದ ತನಕ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಅಂತ ಇಟ್ಕೊಂಡಿದ್ದಾರೆ, ನಿಮ್ಮ ಡಾಕ್ಟ್ರು ಮೂರು ವರ್ಷ ಅಂದ್ರೆ ಹಾಗೇ ಮಾಡಿಸಿ.

ಈಗ ಮುಖ್ಯವಾದ ಮಾತು. ಅವರ ಗಡ್ಡೆ ದೇಹದೊಳಗೆ ಇದ್ದಾಗಲೇ ಎಎಫ್‌ಪಿ ನಾರ್ಮಲ್ ಹತ್ತಿರ ಇತ್ತು ಅಲ್ವಾ, ಹಾಗಾದ್ರೆ ಈಗ 3 ಇದೆ ಅನ್ನೋದು ಅಷ್ಟೇನೂ ಹೇಳಲ್ಲ. ಈ ಕ್ಯಾನ್ಸರ್ ಇರೋರಲ್ಲಿ ಸುಮಾರು ಮೂರನೇ ಒಂದು ಭಾಗ ಜನಕ್ಕೆ ಎಎಫ್‌ಪಿ ಏರೋದೇ ಇಲ್ಲ. ಮೊದಲು 640 ಇದ್ದವರಿಗೆ ಈ ಟೆಸ್ಟ್ ಬಂಗಾರದಂಥದ್ದು, ಯಾಕಂದ್ರೆ ಇದರ ಅರ್ಧಾಯುಷ್ಯ ಐದಾರು ದಿನ, ಗಡ್ಡೆ ಪೂರ್ತಿ ಹೋಗಿದ್ರೆ ಸುಮಾರು ಆರು ದಿನಕ್ಕೊಮ್ಮೆ ಅರ್ಧ ಅರ್ಧ ಆಗ್ತಾ 320, 160, 80, 40, 20 ಅಂತ ಇಳಿದು ಒಂದೂವರೆ ತಿಂಗಳೊಳಗೆ 10ರ ಕೆಳಗೆ ಬರಬೇಕು, ಮಧ್ಯದಲ್ಲಿ ಎಲ್ಲೋ ನಿಂತ್ರೆ ಎಲ್ಲೋ ಏನೋ ಉಳಿದಿದೆ ಅಂತ ಹುಡುಕಬೇಕು. ನಿಮ್ಮ ಮನೆಯವರಿಗೆ ಈ ಅಲಾರಂ ಇಲ್ಲ. ಅದಕ್ಕೇ ಎದೆ ಮತ್ತು ಹೊಟ್ಟೆ ಎರಡರ ಸಿಟಿ ಅಥವಾ ಎಂಆರ್‌ಐ ಅವರಿಗೆ ಇನ್ನೂ ಜಾಸ್ತಿ ಮುಖ್ಯ, 'ಬ್ಲಡ್ ಚೆನ್ನಾಗಿದೆ, ಸ್ಕ್ಯಾನ್ ಮುಂದಿನ ಸಲ ನೋಡೋಣ' ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಒಪ್ಕೋಬೇಡಿ.

ರಕ್ತದಲ್ಲಿ ಕ್ಯಾನ್ಸರ್ ಸುಳಿವು ಕೊಡೋ ಇನ್ನೊಂದು ಮಾರ್ಕರ್ ಇದೆ, ಪಿವ್ಕಾ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ರೋಥ್ರಾಂಬಿನ್ ಅನ್ನೋದನ್ನ ಲಿವರ್ ವಿಟಮಿನ್ ಕೆ ಸಹಾಯದಿಂದ ಸಿದ್ಧ ಮಾಡತ್ತೆ, ಕ್ಯಾನ್ಸರ್ ಕೋಶ ಅದನ್ನ ಅರೆಬರೆ ಮಾಡಿ ಬಿಡತ್ತೆ, ಆ ಅರೆಬರೆ ಸರಕೇ ಪಿವ್ಕಾ. ಎಎಫ್‌ಪಿ ಏರದ ಎಷ್ಟೋ ಗಡ್ಡೆಗಳಲ್ಲಿ ಇದು ಏರಿರತ್ತೆ. ಜಪಾನ್‌ನ ಕ್ಯೋಟೋ ತಂಡ ಕಸಿಗೆ ಆರಿಸುವಾಗ ಇದು 400ರ ಒಳಗಿರಬೇಕು ಅಂತ ಇಟ್ಕೊಂಡಿತ್ತು, ಕೊರಿಯಾದಲ್ಲಿ ಎಎಫ್‌ಪಿ, ಪಿವ್ಕಾ ಎರಡನ್ನೂ ಕೂಡಿಸಿ ಮೋರಲ್ ಅನ್ನೋ ಸ್ಕೋರ್ ಮಾಡಿದ್ದಾರೆ. ಆಪರೇಶನ್ ಮುಂಚಿನ ಪಿವ್ಕಾ ರಿಪೋರ್ಟ್ ಇದೆಯಾ ನೋಡಿ, ಆಗ ಏರಿದ್ದು ಈಗ ಇಳಿದಿದ್ರೆ ನಿಮಗೆ ಕಾವಲಿಗೆ ಒಂದು ಟೆಸ್ಟ್ ಸಿಕ್ಕಿದ ಹಾಗೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ಮಾತ್ರೆ ತಗೋತಿದ್ರೆ ಮಾತ್ರ ಇದು ಸುಮ್ಮಸುಮ್ಮನೆ ಏರತ್ತೆ, ಡಾಕ್ಟ್ರಿಗೆ ಹೇಳಿ.

ಪ್ರಶ್ನೆ: ಸರಿಯಾಗಿ ಎರಡು ವರ್ಷ ಎರಡು ತಿಂಗಳಾಯ್ತು ನನಗೆ ಕಸಿ ಆಗಿ. ಪ್ರತಿ ಸಲ ಎಎಫ್‌ಪಿ 3.8 ಆಸುಪಾಸು ಬರ್ತಿತ್ತು, ಈ ಸಲ ಬೇರೆ ಲ್ಯಾಬ್‌ಗೆ ಕೊಟ್ಟೆ, 4.9 ಬಂತು. ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಮನೇಲಿ ಯಾರಿಗೂ ಹೇಳಿಲ್ಲ.

ಉತ್ತರ: ಮೊದಲು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನಂಬರ್ ಪಕ್ಕ ಸಣ್ಣಕ್ಷರದಲ್ಲಿ ಏನಿದೆ ಅಂತ ಓದಿ. ಕೆಲವು ಲ್ಯಾಬ್ ಐಯು ಅಂತ ಕೊಡ್ತವೆ, ಕೆಲವು ನ್ಯಾನೋಗ್ರಾಂ ಅಂತ. ಒಂದು ಐಯು ಅಂದ್ರೆ ಸುಮಾರು 1.2 ನ್ಯಾನೋಗ್ರಾಂ. ಹಳೇದು ಐಯು, ಹೊಸದು ನ್ಯಾನೋಗ್ರಾಂ ಆಗಿದ್ರೆ ನಿಮ್ಮ ಹಳೇ 3.8 ಅಂದ್ರೇನೇ 4.6, ಅಲ್ಲಿಂದ 4.9ಕ್ಕೆ ಬಂದಿದ್ದು ಏನೂ ಅಲ್ಲ. ಯೂನಿಟ್ ಒಂದೇ ಆಗಿದ್ರೂ ಮಷೀನ್ ಬದಲಾದ್ರೆ ಇಷ್ಟು ಆಚೀಚೆ ಆಗತ್ತೆ, 10ರ ಒಳಗೆ ಒಂದು ಪಾಯಿಂಟ್ ಓಡಾಟಕ್ಕೆ ಅರ್ಥ ಹುಡುಕಬಾರದು. ನಾವು ಹೆದರೋದು ಒಂದೇ ಲ್ಯಾಬ್‌ನಲ್ಲಿ 5, 9, 17, 31 ಅಂತ ಸಾಲಾಗಿ ಏರಿದಾಗ, ಆ ಸಾಲಿನಲ್ಲಿ ಕೊನೇ ನಂಬರ್ ಚಿಕ್ಕದಾಗೇ ಇದ್ರೂ ಸ್ಕ್ಯಾನ್ ಮಾಡಿಸ್ತೀವಿ. ಕಸಿಗೆ ಕಾಯ್ತಿರೋರಲ್ಲೂ ತಿಂಗಳಿಗೆ 15 ನ್ಯಾನೋಗ್ರಾಂಗಿಂತ ಜೋರಾಗಿ ಏರ್ತಿದ್ರೆ ಅದು ಕೆಟ್ಟ ಸೂಚನೆ ಅಂತ ನೋಡಿದ್ದಾರೆ, ಅಲ್ಲೂ ಮುಖ್ಯ ಆಗಿದ್ದು ಏರೋ ವೇಗ.

ಇನ್ನೊಂದು ವಿಷಯ ಹೇಳಿಬಿಡ್ತೀನಿ, ಕೂದಲು ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಗೋತಿದ್ರೆ ಕೆಲವು ಮಷೀನ್‌ಗಳಲ್ಲಿ ಎಎಫ್‌ಪಿ ಇರೋದಕ್ಕಿಂತ ಕಮ್ಮಿ ತೋರಿಸತ್ತೆ, ರಕ್ತ ಕೊಡೋ ಮುಂಚೆ ಎಷ್ಟು ದಿನ ನಿಲ್ಲಿಸಬೇಕು ಅಂತ ಲ್ಯಾಬ್‌ನಲ್ಲಿ ಕೇಳಿ. ಹಳೇ ಲ್ಯಾಬ್‌ಗೇ ವಾಪಸ್ ಹೋಗಿ, ನಾಲ್ಕು ವಾರ ಬಿಟ್ಟು ಇನ್ನೊಂದು ಸಲ ಕೊಡಿ. ಮರಳೋ ಕ್ಯಾನ್ಸರ್ ಬಹುಪಾಲು ಮೊದಲ ಎರಡು ಮೂರು ವರ್ಷದಲ್ಲೇ ಮರಳತ್ತೆ, ನೀವು ಅದರಲ್ಲಿ ದೊಡ್ಡ ಭಾಗ ದಾಟಿ ಬಂದಿದ್ದೀರಿ. ಮತ್ತೆ ಮನೆಯಲ್ಲಿ ಹೇಳಿ ಸರ್, ಇವತ್ತೇ ಹೇಳಿ, ಮೂರು ರಾತ್ರಿ ಒಬ್ಬರೇ ಎಚ್ಚರ ಇರೋ ವಿಷಯ ಇದಲ್ಲ.

ಪ್ರಶ್ನೆ: ಅಣ್ಣನಿಗೆ ಕಸಿ ಆಗಿ ಐದು ವಾರ. ಅವನ ಸಿಬಿಸಿ (ರಕ್ತಕಣ ಎಣಿಸೋ ಟೆಸ್ಟ್) ರಿಪೋರ್ಟ್‌ನಲ್ಲಿ ಬಿಳಿ ಕಣಗಳ ಪೈಕಿ ನ್ಯೂಟ್ರೋಫಿಲ್ ಶೇಕಡ 78, ಲಿಂಫೋಸೈಟ್ 13. ಭಾಗಿಸಿದ್ರೆ 6 ಬರತ್ತೆ. 5 ದಾಟಿದ್ರೆ ಬದುಕೋದು ಕಷ್ಟ ಅಂತ ಓದಿದೆ, ಕೈ ನಡುಗ್ತಿದೆ ಡಾಕ್ಟರ್.

ಉತ್ತರ: ತಮ್ಮಾ, ನೀನು ಹಾಕಿದ ಲೆಕ್ಕ ಸರಿ, ಹಾಕಿದ ಹೊತ್ತು ತಪ್ಪು. ಈ ಎನ್‌ಎಲ್‌ಆರ್ ಅನ್ನೋ ಅನುಪಾತವನ್ನ ಲಿವರ್ ಕ್ಯಾನ್ಸರ್‌ಗೆ ಕಸಿ ಆದವರಲ್ಲಿ 2009ರಲ್ಲಿ 150 ಜನರ ಮೇಲೆ ನೋಡಿ, 5 ಮತ್ತು ಮೇಲಿದ್ದವರಲ್ಲಿ ಕ್ಯಾನ್ಸರ್ ಮರಳೋದು ಜಾಸ್ತಿ ಅಂತ ಹೇಳಿದ್ದು ನಿಜ. ಆದ್ರೆ ಅವರು ಲೆಕ್ಕಕ್ಕೆ ತಗೊಂಡಿದ್ದು ಆಪರೇಶನ್ ಮುಂಚಿನ ರಕ್ತ. ನಿಮ್ಮಣ್ಣ ಈಗ ಸ್ಟೀರಾಯ್ಡ್ ತಗೋತಿರಬಹುದು, ಸ್ಟೀರಾಯ್ಡ್ ನ್ಯೂಟ್ರೋಫಿಲ್ ಏರಿಸತ್ತೆ, ಲಿಂಫೋಸೈಟ್ ಇಳಿಸತ್ತೆ, ಅಷ್ಟಕ್ಕೇ 6 ಬಂದುಬಿಡತ್ತೆ. ಗಾಯ ಮಾಯ್ತಿರೋದು, ಸಣ್ಣ ಇನ್‌ಫೆಕ್ಷನ್ನು, ಇದೂ ಏರಿಸತ್ತೆ.

ಮುಂಚಿನ ರಕ್ತದಲ್ಲೂ ಇದನ್ನ ನಾನು ಅಷ್ಟು ನೆಚ್ಚಲ್ಲ. ಸಿರೋಸಿಸ್‌ನಲ್ಲಿ ಗುಲ್ಮ ಊದಿಕೊಂಡು ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲ ಹಿಡಿದಿಟ್ಕೊಳತ್ತೆ, ಆ ಲೆಕ್ಕವೇ ಏರುಪೇರು. ಒಂದು ಅಧ್ಯಯನ 5 ಅಂದ್ರೆ ಇನ್ನೊಂದು 3 ಅಂತ ಗೆರೆ ಎಳೆದಿದೆ. ದೇಹದ ಊತ, ರೋಗನಿರೋಧಕ ಶಕ್ತಿ ಎರಡರ ಜಗಳದ ಅಂದಾಜು ಅದು, ಎಎಫ್‌ಪಿ ಥರ ಗಡ್ಡೆಯೇ ಬಿಟ್ಟ ಸರಕಲ್ಲ. ಹಾಗಾಗಿ ಆ 6ನ್ನ ಪಕ್ಕಕ್ಕಿಡು. ಜ್ವರ ಬರ್ತಿದೆಯಾ, ಹೊಲಿಗೆ ಹತ್ತಿರ ಕೆಂಪಾಗಿದೆಯಾ, ಅದನ್ನ ನೋಡು, ಐದನೇ ವಾರದಲ್ಲಿ ನಿಜವಾದ ಅಪಾಯ ಇನ್‌ಫೆಕ್ಷನ್ ಮತ್ತು ರಿಜೆಕ್ಷನ್ (ದೇಹ ಹೊಸ ಲಿವರ್‌ನ ಒಪ್ಪದೇ ಇರೋದು), ಜ್ವರ ಬಂದ್ರೆ ಬೆಳಗಾಗೋ ತನಕ ಕಾಯದೆ ಫೋನ್ ಮಾಡಿ.

ಪ್ರಶ್ನೆ: ಅಮ್ಮನಿಗೆ ನನ್ನ ಲಿವರ್‌ನ ಭಾಗ ಕೊಡಬೇಕು ಅಂತಿದ್ದೀನಿ. ಒಂದೇ ಗಡ್ಡೆ, 3.5 ಸೆಂಟಿಮೀಟರ್, ಎಎಫ್‌ಪಿ 35, ಮೆಲ್ಡ್ 9. ಇಷ್ಟೆಲ್ಲ ಮಾಡಿದ್ರೆ ಅಮ್ಮ ಎಷ್ಟು ವರ್ಷ ಇರ್ತಾರೆ ಅಂತ ಕೇಳೋಕೆ ಆಸ್ಪತ್ರೆಯಲ್ಲಿ ಬಾಯೇ ಬರ್ಲಿಲ್ಲ.

ಉತ್ತರ: ಕೇಳಬೇಕಾದ ಪ್ರಶ್ನೆನೇ ಅದು, ಅದರಲ್ಲಿ ಸ್ವಾರ್ಥ ಏನಿಲ್ಲ. ಮಜ್ಜಾಫೆರೋ ತಂಡವೇ 2018ರಲ್ಲಿ ತಮ್ಮ ಹಳೇ ಲೆಕ್ಕಕ್ಕೆ ಎಎಫ್‌ಪಿ ಸೇರಿಸಿ ಮೆಟ್ರೋಟಿಕೆಟ್ 2.0 ಅಂತ ಮಾಡ್ತು: ಎಎಫ್‌ಪಿ 200ರ ಒಳಗಿದ್ರೆ, ಗಡ್ಡೆಗಳ ಸಂಖ್ಯೆ ಮತ್ತು ದೊಡ್ಡದರ ಸೈಜ್ ಕೂಡಿ 7ರ ತನಕ ಇರಬಹುದು, 200ರಿಂದ 400 ಇದ್ರೆ 5, 400ರಿಂದ 1000 ಇದ್ರೆ 4. ಈ ಗೆರೆಯೊಳಗೆ ಇರೋರಲ್ಲಿ ಐದು ವರ್ಷದ ತನಕ ಈ ಕ್ಯಾನ್ಸರ್‌ನಿಂದ ಸಾಯದೇ ಉಳಿಯೋರು ನೂರಕ್ಕೆ 70 ಅಥವಾ ಹೆಚ್ಚು. ನಿಮ್ಮಮ್ಮನದ್ದು 3.5 ಜೊತೆ 1, ಅಂದ್ರೆ 4.5, ಎಎಫ್‌ಪಿ 35. ಗೆರೆಯೊಳಗೆ ಚೆನ್ನಾಗೇ ಇದ್ದಾರೆ. ಆದ್ರೆ ಇದು ಗುಂಪಿನ ಲೆಕ್ಕ, ಜೊತೆಗೆ ಕ್ಯಾನ್ಸರ್ ಒಂದರದ್ದೇ ಲೆಕ್ಕ. ಕಸಿ ಆದವರನ್ನ ಇನ್‌ಫೆಕ್ಷನ್ನು, ಹೃದಯ, ಕಿಡ್ನಿ, ಹಳೇ ಲಿವರ್ ಕಾಯಿಲೆ ಮರಳೋದು, ಇವೂ ಕಾಡ್ತವೆ, ಅಮ್ಮನ ವಯಸ್ಸು, ಶುಗರ್, ನಡೆಯೋ ಶಕ್ತಿ ಇವನ್ನೆಲ್ಲ ಹಾಕಿ ಅವರ ಡಾಕ್ಟ್ರೇ ಹೇಳಬೇಕು. ಮೆಲ್ಡ್ 9 ನೋಡಿ ಗಲಿಬಿಲಿ ಆಗಬೇಡಿ, ಅದು ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್ ಇಂಥವುಗಳಿಂದ ಲಿವರ್ ಎಷ್ಟು ಸೋತಿದೆ ಅಂತ ಹೇಳತ್ತೆ, ಕ್ಯಾನ್ಸರ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಮೆಲ್ಡ್ ಇಷ್ಟು ಕಮ್ಮಿ ಇರೋದ್ರಿಂದ ಕಸಿ ಬಿಟ್ಟು ಆ ಭಾಗ ಮಾತ್ರ ಕತ್ತರಿಸಿ ತೆಗೆಯೋಕೆ ಅಥವಾ ಸುಡೋಕೆ ಆಗತ್ತಾ ಅಂತ ಒಂದು ಸಲ ಖಂಡಿತ ಕೇಳಿ.

ಮತ್ತೆ ನಿಮ್ಮ ಬಗ್ಗೆ. ಲಿವರ್‌ನ ಬಲಭಾಗ ಕೊಡೋರಲ್ಲಿ ಸಾವಿರಕ್ಕೆ ಸುಮಾರು 2ರಿಂದ 5 ಜನ ಜೀವ ಕಳ್ಕೊಳ್ತಾರೆ, ಆರೋಗ್ಯವಾಗಿದ್ದವರು. ಅಮ್ಮನ ನಂಬರ್ ಚೆನ್ನಾಗಿದೆ ಅಂತ ನಾನು ಬರೆದಿದ್ದು ನಿಮ್ಮ ಮೇಲೆ ಭಾರ ಆಗಬಾರದು. ಕೊಡೋದು ಬೇಡ ಅನ್ನಿಸಿದ್ರೆ ದಾನಿಗಳನ್ನ ನೋಡೋ ಡಾಕ್ಟ್ರ ಹತ್ತಿರ ಒಬ್ಬರೇ ಕೂತು ಹೇಳಿ, ಮನೆಯವರಿಗೆ ಕಾರಣ ತಿಳಿಸದೇ ನಿಲ್ಲಿಸೋದು ಅವರಿಗೆ ಗೊತ್ತಿದೆ.

ಪ್ರಶ್ನೆ: ರಿಜೆಕ್ಷನ್ ಆಗದ ಹಾಗೆ ಕೊಡೋ ಟ್ಯಾಕ್ರೋಲಿಮಸ್ ಮಾತ್ರೆ ಕ್ಯಾನ್ಸರ್ ಬೆಳೆಸತ್ತಂತೆ, ನನ್ನ ಎಎಫ್‌ಪಿ ನಾರ್ಮಲ್ ಇದೆ, ಅರ್ಧ ಮಾಡ್ಕೊಳ್ಳಲಾ?

ಉತ್ತರ: ಬೇಡ, ನೀವಾಗೇ ಖಂಡಿತ ಬೇಡ. ರಕ್ತದಲ್ಲಿ ಈ ಮಾತ್ರೆಯ ಲೆವೆಲ್ ಬೇಕಾದ್ದಕ್ಕಿಂತ ಜಾಸ್ತಿ ಇರೋದು ಒಳ್ಳೇದಲ್ಲ ಅನ್ನೋದು ನಿಜ, ಅದಕ್ಕೇ ಡಾಕ್ಟ್ರು ನಿಧಾನಕ್ಕೆ ಇಳಿಸ್ತಾರೆ, ಕೆಲವರಿಗೆ ಸಿರೋಲಿಮಸ್ ಅಥವಾ ಎವರೋಲಿಮಸ್ ಅನ್ನೋ, ರಿಜೆಕ್ಷನ್ ತಡೆಯೋ ಬೇರೆ ಮಾತ್ರೆ ಸೇರಿಸ್ತಾರೆ. ಸಿರೋಲಿಮಸ್ ಬಗ್ಗೆ 2016ರಲ್ಲಿ ಬಂದ ದೊಡ್ಡ ಸಿಲ್ವರ್ ಪ್ರಯೋಗದಲ್ಲಿ ಮೊದಲ ಮೂರರಿಂದ ಐದು ವರ್ಷ ಸ್ವಲ್ಪ ಲಾಭ ಕಾಣಿಸಿ ಆಮೇಲೆ ಆ ವ್ಯತ್ಯಾಸ ಉಳೀಲಿಲ್ಲ. ಮಾತ್ರೆ ಅರ್ಧ ಮಾಡಿ ರಿಜೆಕ್ಷನ್ ಬಂದ್ರೆ ಹೈ ಡೋಸ್ ಸ್ಟೀರಾಯ್ಡ್ ಕೊಡಬೇಕಾಗತ್ತೆ, ಯಾವುದಕ್ಕೆ ಹೆದರಿ ಕಮ್ಮಿ ಮಾಡಿದ್ರೋ ಅದಕ್ಕೇ ದಾರಿ ಮಾಡಿಕೊಟ್ಟ ಹಾಗೆ. ಈಗಿನ ಲೆವೆಲ್ ಎಷ್ಟಿದೆ ಅಂತ ಟೆಸ್ಟ್ ಮಾಡಿಸಿ ಡಾಕ್ಟ್ರಿಗೆ ತೋರಿಸಿ, ಆ ದಿನ ಬೆಳಗ್ಗೆ ಮಾತ್ರೆ ನುಂಗೋ ಮುಂಚೆ ರಕ್ತ ಕೊಡಿ, ಕೊಟ್ಟ ಮೇಲೆ ತಗೊಳ್ಳಿ.